ಕಸಕ್ಕೆ ಬಸ್ತಾ ಕಟ್ಟಿದವರು

ಬಸವಕಲ್ಯಾಣದ ಓಣಿಯಲ್ಲಿ ಜಿಜಾಬಾಯಿಯನ್ನು ಗಂಡ ಹೊರಗೆ ಹಾಕಿದ ಹೆಂಗಸು ಎಂದು ಹೇಳುತ್ತಿದ್ದರು. ಇದಕ್ಕಿಂತ ದೊಡ್ಡ ಸುಳ್ಳು ಆ ಓಣಿಯಲ್ಲಿ ಇನ್ನೊಂದು ಹುಟ್ಟಿರಲಿಲ್ಲ. ಆಳಂದದ ಕಡೆಯ ಆ ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡು, "ಇಬ್ಬರೂ ಅಕ್ಕತಂಗೇರ ಹಾಂಗ ಇರ್ರಿ" ಎಂದು ಉಪದೇಶ ಮಾಡಿದ ದಿನವೇ ಅವಳು ತನ್ನ ಟ್ರಂಕನ್ನು ತಾನೇ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಿದ್ದಳು. ಯಾರಾದರೂ ಹೊರಗೆ ಹಾಕಲಿ ಎಂದು ಅವಳು ಅಲ್ಲಿ ಕಾಯುತ್ತ ಕೂತಿರಲಿಲ್ಲ. ಆದರೆ ಊರಿಗೆ ಇಂಥ ಕಥೆ ರುಚಿಸುವುದಿಲ್ಲ. ಹೆಂಗಸು ತಾನಾಗಿ ಎದ್ದು ಬಂದಳು ಎಂದು ಹೇಳಲು ಯಾರ ನಾಲಿಗೆಯೂ ಹೊರಳುವುದಿಲ್ಲ.

ಅವಳು ಹುಟ್ಟಿದ್ದು ೧೯೫೬ರಲ್ಲಿ, ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅಪ್ಪ ಏಕನಾಥ ಕೋಟೆಯ ದಾರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಅವ್ವ ಗಯಾಬಾಯಿ ಮನೆಯಲ್ಲಿ ಕೂತು ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಅಪ್ಪ ತೀರಿಹೋದ ಮೇಲೆ, ಗಂಡನನ್ನು ಬಿಟ್ಟುಬಂದ ಮಗಳು ಹೊಲಿಗೆ ಮಷೀನಿನ ಮುಂದೆ ಕೂಡುತ್ತಾಳೆಂದು ಎಲ್ಲರೂ ತಿಳಿದಿದ್ದರು. ಅವಳು ಟೈಪ್‌ರೈಟಿಂಗ್ ಮಷೀನಿನ ಮುಂದೆ ಕೂತಳು. ಮೊಹಿನುದ್ದೀನ್ ಮಾಸ್ತರರ ಕ್ಲಾಸಿನಲ್ಲಿ ಅವಳೊಬ್ಬಳೇ ಹೆಂಗಸು. ಅವಳು ಕೀಗಳನ್ನು ಬಡಿಯುವ ರಭಸ ನೋಡಿ ಮಾಸ್ತರರು, "ಬೇಟಾ, ಗುಸ್ಸಾ ಎಲ್ಲಾ ಮಷೀನಿನ ಮ್ಯಾಲ ಹಾಕಬ್ಯಾಡ. ರಿಬ್ಬನ್ ಹರೀತದ" ಎನ್ನುತ್ತಿದ್ದರು. ರಿಬ್ಬನ್ನು ಹಲವು ಸಲ ಹರಿಯಿತು. ಪರೀಕ್ಷೆ ಮಾತ್ರ ಒಂದೇ ಸಲಕ್ಕೆ ಪಾಸಾಯಿತು.

ಹೀಗೆ ಅವಳು ಹುಮನಾಬಾದಿನ ಆಚೆ ಇದ್ದ ಗಡಿನಾಡು ಸಕ್ಕರೆ ಕಾರ್ಖಾನೆಗೆ ಟೈಪಿಸ್ಟ್ ಆಗಿ ಸೇರಿದಳು. ದಿನಾ ಬೆಳಗ್ಗೆ ಬಸವಕಲ್ಯಾಣದಿಂದ ಬಸ್ಸು, ಸಸ್ತಾಪುರ ಬಂಗ್ಲಾ, ರಾಜೇಶ್ವರ ದಾಟಿ ಹುಮನಾಬಾದ್. ಸಂಜೆ ಅದೇ ದಾರಿಯಲ್ಲಿ ವಾಪಸು. ಎಂಬತ್ತೇಳರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದನ್ನು ಕಲಿಯಲು ಹೈದರಾಬಾದಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಕಚೇರಿಯ ಗಂಡಸರಿಗೆಲ್ಲ ಒಮ್ಮೆಲೇ ಕಷ್ಟಗಳು ನೆನಪಾದವು. ಒಬ್ಬನಿಗೆ ಕಣ್ಣು ಉರಿ, ಇನ್ನೊಬ್ಬನಿಗೆ ಹೆಂಡತಿಯ ಹೆರಿಗೆ, ಮತ್ತೊಬ್ಬನಿಗೆ ಆ ಪೆಟ್ಟಿಗೆಯ ಬೆಳಕಿನಿಂದ ಗಂಡಸುತನ ಹೋಗುತ್ತದೆಂದು ಯಾರೋ ಹೇಳಿದ್ದರಂತೆ. ಜಿಜಾಬಾಯಿ ಹೋಗಿ ಕಲಿತು ಬಂದಳು. ಬಂದ ಮೇಲೆ ಅದೇ ಗಂಡಸರು, ತಂಪು ಗಾಳಿಯ ಕೋಣೆ ಹೆಂಗಸಿಗೆ ಯಾಕೆ ಕೊಟ್ಟಿರಿ ಎಂದು ಮ್ಯಾನೇಜರರ ಮುಂದೆ ಗೊಣಗಿದರು. ನಾಚಿಕೆ ಎಂಬುದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಆ ಕೋಣೆ ಅವಳಿಗೆ ಎಂಥದ್ದಾಗಿತ್ತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಊರಲ್ಲಿ ಅವಳು ಯಾರದೋ ಮಗಳು, ಯಾರೋ ಬೇಡವೆಂದ ಹೆಂಡತಿ. ಇಲ್ಲಿ ಅವಳು ಕಂಪ್ಯೂಟರ್ ಜಿಜಾಬಾಯಿ. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಕಟಾವು ಚೀಟಿ ಆ ಕೋಣೆಯ ಕಿಟಕಿಯಿಂದಲೇ ಹೊರಗೆ ಬರುತ್ತಿತ್ತು. ಮೊದಲೆಲ್ಲ ಸರದಿ ಎಂದರೆ ದೊಡ್ಡವರ ಹೊಲ ಮೊದಲು, ಉಳಿದವರದ್ದು ಒಣಗಿದ ಮೇಲೆ. ಈಗ ಕಬ್ಬು ನಾಟಿದ ತಾರೀಖು ನೋಡಿ ಮಷೀನು ಸರದಿ ಹೇಳುತ್ತಿತ್ತು. ಹುಡಗಿ ಎಂಬ ಊರಿನ ಧೂಳಮ್ಮನಂಥ ಒಂಟಿ ಹೆಂಗಸಿನ ಕಬ್ಬು ಕೂಡ ಹೊತ್ತಿಗೆ ಸರಿಯಾಗಿ ಗಾಡಿ ಏರುತ್ತಿತ್ತು.

ಮರುವರ್ಷದ ಹಂಗಾಮು ಶುರುವಾಯಿತು. ನಮ್ಮ ಕಡೆ ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ. ಬೋಣಿಯ ಕೈ ಒಳ್ಳೆಯದಿದ್ದರೆ ದಿನ ಒಳ್ಳೆಯದು. ಕಾರ್ಖಾನೆಯಲ್ಲಿ ಹಂಗಾಮಿನ ಮೊದಲ ಚೀಟಿಗೂ ಬೋಣಿ ಇತ್ತು. ಅಧ್ಯಕ್ಷರ ಹೆಂಡತಿ ಬಂದು ಪೂಜೆ ಮಾಡಿ ಗುಂಡಿ ಒತ್ತಬೇಕು. ಅವತ್ತು ಅವರ ಜೀಪು ದಾರಿಯಲ್ಲಿ ಕೆಟ್ಟು ನಿಂತಿತು. ಅಂಗಳದಲ್ಲಿ ರೈತರು ಕೂಗಾಡತೊಡಗಿದರು. ಮ್ಯಾನೇಜರ್ ನಾಗನಾಥ ಸಾಹೇಬರೇ ಬಾಗಿಲಲ್ಲಿ ತಲೆ ಹಾಕಿ, "ಹೊಡೀರಿ ಬಾಯಾರ, ಯಾರು ಹೊಡದರೇನು" ಎಂದರು. ಜಿಜಾಬಾಯಿ ಹೊಡೆದಳು. ಚೀಟಿ ಬಂತು. ಯಾರಿಗೂ ಏನೂ ಆಗಲಿಲ್ಲ.

ಕೆಲವು ದಿನಗಳ ನಂತರ ಆಡಳಿತ ಮಂಡಳಿ ನಿಯಮ ಬದಲಿಸಿತು. ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಕಬ್ಬು ಮೊದಲು, ಹೊಸ ನಾಟಿಯದ್ದು ಆಮೇಲೆ. ಹೊಸ ನಿಯಮದ ಪ್ರಕಾರವೇ ಚೀಟಿ ಕೊಡಬೇಕು, ಹಳೆಯದು ಬಂದ್ ಎಂದು ಹುಕುಂ ಬಂತು. ಅಂದರೆ ಪ್ರೋಗ್ರಾಮಿನಲ್ಲಿ ಕೆಲವು ಸಾಲು ತಿದ್ದಿ, ಮಷೀನಿಗೆ ಅರ್ಥವಾಗುವಂತೆ ಇಡೀ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕು. ಇದು ಜಿಜಾಬಾಯಿ ಎಷ್ಟೋ ಸಲ ಮಾಡಿದ ಕೆಲಸ. ತನ್ನ ಅವ್ವನಿಗೆ ಅವಳು ಅದನ್ನು ಹೇಳಿದ್ದು ಹೀಗೆ: ರೊಟ್ಟಿ ಬಡಿಯುವ ಮೊದಲು ಹಿಟ್ಟು ನಾದಲು ಪರಾತ ಬೇಕಲ್ಲ, ಹಾಗೆ ಈ ಮಷೀನಿಗೂ ಒಂದು ಪರಾತ ಬೇಕು. ಆ ಪರಾತಕ್ಕೆ ಟೆಂಪ್ ಎಂದು ಹೆಸರು. ಪ್ರೋಗ್ರಾಮು ಕಟ್ಟುವಾಗ ಮಷೀನು ಅರ್ಧಂಬರ್ಧ ಸಾಮಾನನ್ನೆಲ್ಲ ಅಲ್ಲಿ ಒಂದು ಕಚ್ಚಾ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ತಾನೇ ಅಳಿಸುತ್ತದೆ. ನಡುವೆ ಕರೆಂಟು ಹೋದರೆ ಫೈಲು ಅಲ್ಲೇ ಬಿದ್ದಿರುತ್ತದೆ. ಮರುಸಲ ಮಷೀನು ಅದನ್ನು ಬಳಿದು ಎಸೆದು, ಅದೇ ಹೆಸರಿನಲ್ಲಿ ಹೊಸದನ್ನು ತೆರೆಯುತ್ತದೆ.

ಅವತ್ತು ಸಂಜೆ ಪ್ರೋಗ್ರಾಮು ಕಟ್ಟುತ್ತಿರುವಾಗಲೇ ಕರೆಂಟು ಹೋಯಿತು. ಬಸ್ಸಿನ ಹೊತ್ತಾಗಿತ್ತು. ನಾಳೆ ಬೆಳಗ್ಗೆ ನೋಡೋಣ ಎಂದು ಅವಳು ಕೋಣೆಯ ಕೀಲಿಯನ್ನು ದಫ್ತರದ ದೇವಿಂದ್ರಪ್ಪನ ಕೈಗೆ ಕೊಟ್ಟು ಹೋದಳು.

ದೇವಿಂದ್ರಪ್ಪ ಕಾರ್ಖಾನೆಯ ರೆಕಾರ್ಡು ಕೋಣೆಯ ಯಜಮಾನ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಹರೆಯದಲ್ಲಿ ತಹಶೀಲ್ ಕಚೇರಿಯಲ್ಲಿ ನಿಜಾಮರ ಕಾಲದ ಮುನ್ಷಿಯೊಬ್ಬರ ಕೈಕೆಳಗೆ ಪಳಗಿದವನು. ಕಚೇರಿಯಲ್ಲಿ ಹುಟ್ಟಿದ ಚೂರು ಕಾಗದವನ್ನೂ ಸಾಹೇಬರ ಹುಕುಂ ಇಲ್ಲದೆ ಎಸೆಯಬಾರದು. ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಹಾಕಿ, ಬಸ್ತಾ ಕಟ್ಟಿ ಇಡಬೇಕು. ಇದು ಅವನ ಧರ್ಮ. ಅವನ ಕೋಣೆಯಲ್ಲಿ ಹರಿದ ಲಕೋಟೆಗೂ ಬಸ್ತಾ ಇತ್ತು.

ಮರುದಿನ ಜಿಜಾಬಾಯಿ ಮಷೀನು ಹಚ್ಚಿ ಕಟ್ಟಲು ಕೊಟ್ಟಳು. ಕೆಲಸದ ಫೈಲು ತೆರೆಯಲಾಗಲಿಲ್ಲ ಎಂದು ಹಸಿರು ಅಕ್ಷರದಲ್ಲಿ ಬರೆದು ಮಷೀನು ನಿಂತುಬಿಟ್ಟಿತು. ಮತ್ತೊಮ್ಮೆ ಕೊಟ್ಟಳು. ಮತ್ತೂ ಅದೇ. ತಾನು ತಿದ್ದಿದ ಸಾಲುಗಳಲ್ಲೇ ತಪ್ಪಿರಬೇಕು ಎಂದು ಒಂದೊಂದನ್ನೂ ಬೆರಳಿಟ್ಟು ಓದಿದಳು. ತಪ್ಪು ಕಾಣಲಿಲ್ಲ. ತಿದ್ದಿದ್ದನ್ನೆಲ್ಲ ತೆಗೆದು, ಹಿಂದಿನ ತಿಂಗಳು ಸರಿಯಾಗಿ ಕಟ್ಟಿದ್ದ ಹಳೆಯ ಪ್ರೋಗ್ರಾಮನ್ನೇ ಕೊಟ್ಟು ನೋಡಿದಳು. ಅದೂ ನಿಂತಿತು. ಈಗ ಅವಳ ತಲೆ ಕೆಟ್ಟಿತು. ಎಲೆಕ್ಟ್ರಿಶಿಯನ್ ಯುನೂಸ್‌ನನ್ನು ಕರೆಸಿ, "ನಿಮ್ಮ ಕರೆಂಟು ಕುಣದು ಕುಣದು ನನ್ನ ಮಷೀನು ಕೆಡಸ್ಯಾದ ನೋಡ್ರಿ" ಎಂದು ಎಲ್ಲರ ಮುಂದೆ ಹರಿಹಾಯ್ದಳು. ಯುನೂಸ್ ಹೊಸ ಸ್ಟೆಬಿಲೈಸರ್ ತಂದು ಕೂಡಿಸಿದ. ಏನೂ ಬದಲಾಗಲಿಲ್ಲ. ಅವನು ಹೋಗುವಾಗ, "ಅಕ್ಕಾ, ನಿಮ್ಮ ಮ್ಯಾಲ ಯಾರರೆ ಹಿಂಗ ಸುಮ್ಮಸುಮ್ಮನೇ ಹಾಕಿದ್ರ ಹ್ಯಾಂಗ ಆಗ್ತದ?" ಎಂದಷ್ಟೇ ಕೇಳಿದ.

ಹ್ಯಾಂಗ ಆಗುತ್ತದೆ ಎಂದು ಅವಳಿಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಲಿಲ್ಲ.

ಚೀಟಿ ಇಲ್ಲದೆ ಕಟಾವಿನ ಆಳುಗಳು ಖಾಲಿ ಕೂತರು. ಅಂಗಳದಲ್ಲಿ ಹುಡಗಿ, ಕೊಡಂಬಲದ ಕಡೆಯ ರೈತರು ನೆರೆದು ಮ್ಯಾನೇಜರರ ಕೋಣೆಯ ಬಾಗಿಲು ಬಡಿದರು. ನಾಗನಾಥ ಸಾಹೇಬರು ಹೈದರಾಬಾದಿನ ಕಂಪ್ಯೂಟರ್ ಕಂಪನಿಗೆ ಟ್ರಂಕ್ ಕಾಲ್ ಹಚ್ಚಿದರು. ಆ ಕಡೆಯವನಿಗೆ ಊಟದ ಹೊತ್ತು ಎಂದು ಕಾಣುತ್ತದೆ. ಏನೂ ವಿಚಾರಿಸದೆ, ನಡೆಸುವವರ ತಪ್ಪಿರಬೇಕು ಎಂದು ಫೋನು ಇಟ್ಟುಬಿಟ್ಟ. ಸಾಹೇಬರಿಗೆ ಅಷ್ಟೇ ಸಾಕಾಯಿತು. ಹಂಗಾಮಿನ ಬೋಣಿ ಯಾರ ಕೈಯಲ್ಲಿ ಆಯಿತು ಎಂಬ ಮಾತು ಕಚೇರಿಯಲ್ಲಿ ಎದ್ದಿತು. ಸಂಜೆಯ ಹೊತ್ತಿಗೆ ಅದು ಅಂಗಳಕ್ಕೆ ಇಳಿಯಿತು. "ಯಾರು ಹೊಡದರೇನು" ಎಂದು ತಾವೇ ಹೇಳಿದ್ದನ್ನು ಸಾಹೇಬರು ಯಾರಿಗೂ ಹೇಳಲಿಲ್ಲ.

ಮರುದಿನ ಜಿಜಾಬಾಯಿ ಬಸ್ಸಿಳಿದು ಗೇಟಿನ ಹತ್ತಿರ ಬರುವಾಗ ಅಂಗಳದ ಧ್ವನಿವರ್ಧಕ ಮಾತಾಡುತ್ತಿತ್ತು. ಗಾಡಿಗಳ ನಂಬರು ಕೂಗಲು ಇಟ್ಟ ಮೈಕು ಅದು. "ರೈತ ಬಾಂಧವರೇ, ಕಂಪ್ಯೂಟರ್ ವಿಭಾಗದ ಜಿಜಾಬಾಯಿ ಏಕನಾಥ, ಬಸವಕಲ್ಯಾಣ, ಇವರ ಕೈಯಿಂದ ಆದ ತಪ್ಪಿನಿಂದಾಗಿ ಕಟಾವು ಚೀಟಿ ನಿಂತಿವೆ. ಅವರನ್ನು ಆ ಕೆಲಸದಿಂದ ತೆಗೆಯಲಾಗಿದೆ. ಕೋಣೆಯ ಶುದ್ಧಿ ಪೂಜೆ ಆದ ಮೇಲೆ ಚೀಟಿ ಕೊಡಲಾಗುವುದು." ಅವಳ ಹೆಸರು, ಸತ್ತ ಅಪ್ಪನ ಹೆಸರು, ಊರಿನ ಹೆಸರು, ಮೂರನ್ನೂ ಗಾಳಿಗೆ ತೂರಿದರು. ಅಂಗಳದಲ್ಲಿದ್ದ ಧೂಳಮ್ಮ, ಮೊನ್ನೆ ಮೊನ್ನೆ ಕಿಟಕಿಗೆ ಬಂದು ನಕ್ಕು ಮಾತಾಡಿಸಿ ಹೋದವಳು, ಎಲ್ಲರಿಗೂ ಕೇಳುವ ಹಾಗೆ, "ಗಂಡ ಬ್ಯಾಡಂದಾಕಿ ಕೈಲೆ ಬೋಣಿ ಮಾಡಸ್ಯಾರ. ಇನ್ನ ಒಳ್ಳೇದು ಹ್ಯಾಂಗ ಆಗ್ತದ್ರಿ?" ಎಂದಳು.

ಜಿಜಾಬಾಯಿಯ ಕಿವಿ ಕಾದು ಕೆಂಪಾಯಿತು. ಅಳು ಬರಲಿಲ್ಲ. ಅವಳಿಗೆ ಸಿಟ್ಟು ಬಂದಾಗ ಅಳು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಗಾಡಿ ತೂಗುವ ವೇಯಿಂಗ್ ಬ್ರಿಜ್ಜಿನ ಕಟ್ಟೆಯ ಮೇಲೆ ಕೂತು ಅವಳು ಒಂದೊಂದಾಗಿ ಹೆಕ್ಕತೊಡಗಿದಳು. ಹೊಸ ಪ್ರೋಗ್ರಾಮೂ ಕಟ್ಟುತ್ತಿಲ್ಲ, ಹಳೆಯದೂ ಕಟ್ಟುತ್ತಿಲ್ಲ. ಅಂದರೆ ದೋಷ ಪ್ರೋಗ್ರಾಮಿನಲ್ಲಿಲ್ಲ. ಕರೆಂಟು ಸರಿ ಇದೆ, ಯುನೂಸನದ್ದೂ ತಪ್ಪಿಲ್ಲ. ಕೆಲಸದ ಫೈಲು ತೆರೆಯುತ್ತಿಲ್ಲ ಎಂದು ಮಷೀನು ಬಾಯಿಬಿಟ್ಟು ಹೇಳುತ್ತಿದೆ. ಆ ಫೈಲು ಇರುವುದು ಟೆಂಪ್‌ನಲ್ಲಿ. ಪರಾತದಲ್ಲೇ ಏನೋ ಆಗಿದೆ. ಏನು ಎಂದು ನೋಡಬೇಕಾದರೆ ಕೋಣೆಯೊಳಗೆ ಹೋಗಬೇಕು, ಕೋಣೆಗೆ ಈಗ ಅವಳನ್ನು ಬಿಡುವುದಿಲ್ಲ.

ಮೊದಲು ಅವಳು ಯುನೂಸ್‌ನ ಶೆಡ್ಡಿಗೆ ಹೋದಳು. "ಯುನೂಸ್ ಭಾಯ್, ನನ್ನಿಂದ ಗಲತ್ ಆಯ್ತು. ನಿಮ್ಮ ಮ್ಯಾಲ ಸುಮ್ಮನೇ ಹಾಕಿದೆ" ಎಂದಳು. ಅವನು ತಂತಿ ಸುಲಿಯುವುದನ್ನು ನಿಲ್ಲಿಸಿ, "ನೀವು ಬಂದು ಹೇಳಿದ್ರಲ್ಲ, ಮುಗೀತು ಬಿಡ್ರಿ. ಈಗ ತಪ್ಪು ನಿಮ್ಮದಲ್ಲಂತ ಅವರಿಗಿ ಹೋಗಿ ಹೇಳ್ರಿ" ಎಂದು ಕಚೇರಿಯ ಕಡೆ ಗದ್ದ ತೋರಿಸಿದ.

ಕಂಪ್ಯೂಟರ್ ಕೋಣೆಯಲ್ಲಿ ಅವಳ ಕುರ್ಚಿಯ ಮೇಲೆ ದೇವಿಂದ್ರಪ್ಪ ಕಾವಲು ಕೂತಿದ್ದ. ನಾಗನಾಥ ಸಾಹೇಬರು ಪೂಜೆಗೆ ಜಾಗ ತೋರಿಸುತ್ತಿದ್ದರು. ಚೀಟಿ ಕೊಡುವ ಕಿಟಕಿಯ ಹೊರಗೆ ಜನ ಮುತ್ತಿಕೊಂಡಿದ್ದರು, ಧೂಳಮ್ಮ ಎಲ್ಲರಿಗಿಂತ ಮುಂದೆ. ಜಿಜಾಬಾಯಿ ಹೊಸ್ತಿಲ ಈಚೆ ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಸಾಹೇಬ್ರ, ನಾ ಒಳಗ ಬರಂಗಿಲ್ಲ. ಮಷೀನು ಮುಟ್ಟಂಗಿಲ್ಲ. ದೇವಿಂದ್ರಪ್ಪ ಕಾಕಾ ಒತ್ತಲಿ, ನಾ ಇಲ್ಲಿಂದ ಹೇಳ್ತೀನಿ. ಅವರ ಕೈಲೆ ಪ್ರೋಗ್ರಾಮು ಕಟ್ಟಿದ್ರ ತಪ್ಪು ನಂದೇ. ಈಗಿಂದೀಗ ರಾಜೀನಾಮೆ ಬರದು ಕೊಡ್ತೀನಿ. ಕಟ್ಟಲಿಲ್ಲಂದ್ರ, ನನ್ನ ಕೈ ಏನು ಮಾಡ್ಯಾದ ಅಂತ ನೀವು ಹೇಳ್ಬೇಕು."

ಸಾಹೇಬರು ತಪ್ಪಿಸಿಕೊಳ್ಳಲು ನೋಡಿದರು. "ಪೂಜಿ ಆಗ್ಲಿ ಬಾಯಾರ, ಆಮ್ಯಾಲ ನೋಡಮು."

"ಪೂಜಿ ಮಾಡಿದ ಮ್ಯಾಲ ಕಟ್ಟಿದ್ರೂ ಕಟ್ಟಲಿಲ್ಲಂದ್ರೂ ಹೆಸರು ನನಗೇ ಬರ್ತದ. ಈಗೇ ಆಗ್ಲಿ."

ಕಿಟಕಿಯ ಹೊರಗಿನ ಜನಕ್ಕೆ ಇದು ನ್ಯಾಯ ಎನ್ನಿಸಿತು. ಆಗಲಿ ಆಗಲಿ ಎಂದು ಕೂಗಿದರು. ಸಾಹೇಬರಿಗೆ ಹೂಂ ಎನ್ನದೆ ಗತ್ಯಂತರವಿರಲಿಲ್ಲ.

ದೇವಿಂದ್ರಪ್ಪ ಕನ್ನಡಕ ಏರಿಸಿಕೊಂಡು ಒಂದು ಬೆರಳಿನಿಂದ ಅಕ್ಷರ ಹುಡುಕುತ್ತ ಒತ್ತಿದ. ಜಿಜಾಬಾಯಿ ಹೇಳಿದ್ದನ್ನೇ ಒತ್ತಿದ. ಮಷೀನು ಗುರುಗುಟ್ಟತೊಡಗಿತು. ಆ ಹೊತ್ತು ಜಿಜಾಬಾಯಿಗೆ ಒಂದೇ ಯೋಚನೆ. ಮಷೀನು ಅಂದರೆ ಮಷೀನು. ಅದಕ್ಕೆ ಬುದ್ಧಿ ಬಂದು ಈಗಲೇ ಕಟ್ಟಿಬಿಟ್ಟರೆ? ಹಾಗಾದರೆ ಈ ಜನ್ಮದಲ್ಲಿ ಅವಳ ಮಾತನ್ನು ಯಾರೂ ನಂಬುವುದಿಲ್ಲ. ಬಸವಕಲ್ಯಾಣದ ಓಣಿ, ಆಳಂದದ ಮನೆ, ಈ ಅಂಗಳ, ಎಲ್ಲವೂ ಸೇರಿ ನೋಡಿದ್ರಾ ಎನ್ನುತ್ತವೆ.

ಮಷೀನು ನಿಂತಿತು. ಕೆಲಸದ ಫೈಲು ತೆರೆಯಲಾಗಲಿಲ್ಲ.

"ನೋಡ್ರಿ!" ಎಂದು ಜಿಜಾಬಾಯಿ ಕಿರುಚಿದಳೆಂದೇ ಹೇಳಬೇಕು. "ನನ್ನ ಕೈ ಎಲ್ಲಿ ಅದ ನೋಡ್ರಿ! ಬೆನ್ನ ಹಿಂದ ಅದ. ಕಾಕಾನೂ ಗಂಡ ಬಿಟ್ಟವರೇನು ಹಂಗಾದ್ರ?"

ಕಿಟಕಿಯ ಹೊರಗೆ ಯಾರೋ ಗೊಳ್ಳೆಂದು ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. ಅವಳು ಅಲ್ಲಿಗೆ ಬಿಡಲಿಲ್ಲ.

"ಕಾಕಾ, ಈಗ ಒಂದು ಫ್ಲಾಪಿ ಹಾಕ್ರಿ. ಕಚ್ಚಾ ಸಾಮಾನೆಲ್ಲಾ ಟೆಂಪ್‌ನ್ಯಾಗ ಇಡಬ್ಯಾಡ, ಫ್ಲಾಪಿ ಮ್ಯಾಲ ಇಡು ಅಂತ ಮಷೀನಿಗಿ ಹೇಳ್ರಿ. ನಾ ಅಕ್ಷರ ಹೇಳ್ತೀನಿ."

ಅವನು ಒತ್ತಿದ. ಮಷೀನು ಮತ್ತೆ ಗುರುಗುಟ್ಟಿತು. ಫ್ಲಾಪಿ ಕಟಕಟ ಎಂದಿತು. ಈ ಸಲ ನಿಲ್ಲಲಿಲ್ಲ. ಬಹಳ ಹೊತ್ತು ತಿರುಗಿ, ಕೊನೆಗೆ ಪ್ರೋಗ್ರಾಮು ಕಟ್ಟಿದ್ದೇನೆ ಎಂದು ಬರೆಯಿತು. ಅಂಗಳದಲ್ಲಿ ಗಲಾಟೆ ಎದ್ದಿತು. ಸಾಹೇಬರು ಕೈ ತಿಕ್ಕುತ್ತ, "ಆಯ್ತಲ್ಲ! ಬಿಡ್ರಿ ಇನ್ನ" ಎಂದರು.

"ಆಗಿಲ್ಲ ಸಾಹೇಬ್ರ. ಫ್ಲಾಪಿ ಮ್ಯಾಲ ಕಟ್ತದ, ಟೆಂಪ್‌ನ್ಯಾಗ ಕಟ್ಟಂಗಿಲ್ಲ. ಅಂದ್ರ ಕೆಟ್ಟದ್ದು ಟೆಂಪ್‌ನ್ಯಾಗ ಅದ. ಏನಂತ ಗೊತ್ತಾಗಬೇಕಲ್ಲ? ಕಾಕಾ, ಟೆಂಪ್‌ನ್ಯಾಗ ಏನೇನು ಅದ ತೋರಸ್ರಿ."

ಒಂದೇ ಒಂದು ಫೈಲು ಕಾಣಿಸಿತು. ಕರೆಂಟು ಹೋದ ಸಂಜೆಯ ತಾರೀಖು. ಒಳಗೆ ಏನೂ ಇಲ್ಲದ ಖಾಲಿ ಫೈಲು.

"ಅಳಸ್ರಿ ಅದನ್ನ."

ದೇವಿಂದ್ರಪ್ಪ ಅಳಿಸಲು ಒತ್ತಿದ. ಅಪ್ಪಣೆ ಇಲ್ಲ ಎಂದಿತು ಮಷೀನು.

ಜಿಜಾಬಾಯಿಗೇ ಆಶ್ಚರ್ಯವಾಯಿತು. ಇಂಥ ಕಸ ಎಷ್ಟೋ ಸಲ ಬಿದ್ದಿತ್ತು. ಎಂದೂ ಅದು ಅಪ್ಪಣೆ ಕೇಳಿರಲಿಲ್ಲ. "ಇದಕ್ಕ ಕೀಲಿ ಬಿದ್ದದ" ಎಂದಳು ಮೆಲ್ಲಗೆ. "ಯಾರೋ ಕೈಯಾರೆ ಹಾಕ್ಯಾರ. ಅದಕ್ಕೇ ಮಷೀನಿಗಿ ಅದನ್ನ ಅಳಸಾಕೂ ಆಗವಲ್ದು, ಅದೇ ಹೆಸರಿಲೆ ಹೊಸದು ತೆರಿಯಾಕೂ ಆಗವಲ್ದು. ಯಾರು ಹಾಕಿದ್ರಿ ಇದಕ್ಕ ಕೀಲಿ?"

ದೇವಿಂದ್ರಪ್ಪನ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತ್ತು. ಅವನು ಕನ್ನಡಕ ತೆಗೆದ.

"ನಾ ಹಾಕೀನಿ" ಎಂದ. "ಅವತ್ತ ಸಂಜಿಗಿ ಕರೆಂಟು ಬಂತು. ಮಷೀನು ಬಂದ್ ಮಾಡಾಕ ಬಂದೆ. ಮಷೀನಿನ ಪಟ್ಟಿ ತೆಗದು ನೋಡಿದ್ರ ಈ ಕಾಗದ ಬಿದ್ದಿತ್ತು. ಯಾರ ಸಹಿ ಇಲ್ಲ, ಯಾವ ಬಸ್ತಾದಾಗೂ ಇಲ್ಲ. ಹಿಂದಿನ ವರ್ಷದ ರೆಕಾರ್ಡಿಗಿ ಕೀಲಿ ಹಾಕೋದು ಕಂಪನಿಯವರು ಕಲಿಸಿದ್ರಲ್ಲ, ಹಾಂಗೇ ಇದಕ್ಕೂ ಹಾಕಿದೆ. ಸಾಹೇಬರ ಹುಕುಂ ಬರೋತನಕ ಭದ್ರ ಇರ್ಲಿ ಅಂತ. ಕಚೇರ್ಯಾಗಿನ ಕಾಗದ ಹಾಂಗ ಬಿಡಬಾರ್ದಲ್ಲ ತಂಗಿ?"

ಅವನ ದನಿಯಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು. ಮಷೀನು ತಾನೇ ಎಸೆಯಬೇಕಾದ ಖಾಲಿ ಕಸವನ್ನು ಈ ಮನುಷ್ಯ ಇಷ್ಟು ಜತನದಿಂದ ಕಾಪಾಡಿದ. ಅದೇ ಕಚೇರಿಯಲ್ಲಿ ಒಬ್ಬ ಹೆಂಗಸಿನ ಹೆಸರನ್ನು ಅಂಗಳಕ್ಕೆ ಚೆಲ್ಲಿದಾಗ ಅದನ್ನು ಕಾಪಾಡಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ಅವಳು ಅಕ್ಷರ ಹೇಳಿದಳು, ಅವನು ಕೀಲಿ ತೆಗೆದ, ಫೈಲು ಅಳಿಸಿದ. ಪ್ರೋಗ್ರಾಮು ಟೆಂಪ್‌ನಲ್ಲೇ ಸರಾಗವಾಗಿ ಕಟ್ಟಿತು.

ನಾಗನಾಥ ಸಾಹೇಬರಿಗೆ ಜೀವ ಬಂದಂತಾಯಿತು. ನೆಟ್ಟಗೆ ಮೈಕಿನ ಹತ್ತಿರ ಹೋಗಿ, "ರೈತ ಬಾಂಧವರೇ, ಯಂತ್ರದ ದೋಷ ಸರಿಯಾಗಿದೆ. ಈಗಲೇ ಚೀಟಿ ಕೊಡಲಾಗುವುದು" ಎಂದು ಹೇಳಿ, ನಗುತ್ತ ತಿರುಗಿ ಬಂದರು. "ಬರ್ರಿ ಬಾಯಾರ, ಒಳಗ ಬರ್ರಿ. ನಿಮ್ಮ ಜಾಗಾ ನಿಮಗ. ಕೂಡ್ರಿ, ಚೀಟಿ ಹೊಡೀರಿ."

ಜಿಜಾಬಾಯಿ ಹೊಸ್ತಿಲ ಈಚೆಯೇ ನಿಂತಳು.

"ಯಂತ್ರದ ದೋಷ ಅಂದ್ರಿ?"

"ಹೌದಲ್ಲ. ಮುಗೀತಲ್ಲ."

"ತಪ್ಪು ನಂದು ಅಂದಾಗ ನನ್ನ ಹೆಸರು ಹೇಳಿದ್ರಿ. ನಮ್ಮಪ್ಪನ ಹೆಸರು ಹೇಳಿದ್ರಿ. ಊರು ಹೇಳಿದ್ರಿ. ಈಗ ತಪ್ಪು ಬ್ಯಾರೆಯವರದು ಅಂತ ಗೊತ್ತಾದ ಮ್ಯಾಲ ಯಂತ್ರದ ಹೆಸರು ಹೇಳ್ತೀರಿ. ಯಾಕ?"

ಸಾಹೇಬರು ಹತ್ತಿರ ಬಂದು ದನಿ ತಗ್ಗಿಸಿದರು. "ಬಾಯಾರ, ತಿಳಕೋರಿ. ದೇವಿಂದ್ರಪ್ಪ ರಿಟೈರ್ ಆಗೋ ಮನುಷ್ಯ. ಇಷ್ಟು ವರ್ಷ ಕೆಲಸ ಮಾಡ್ಯಾನ. ಮಂದಿ ಮುಂದ ಅವನ ಇಜ್ಜತ್ ಹೋಗ್ತದ."

"ಅವರಿಗಿ ಇಜ್ಜತ್ ಅದ" ಎಂದಳು ಜಿಜಾಬಾಯಿ. ಅವಳ ದನಿ ಮಾತ್ರ ತಗ್ಗಲಿಲ್ಲ. "ಹಂಗಾದ್ರ ನನಗ ಏನು ಅದ ಸಾಹೇಬ್ರ?"

ದೊಡ್ಡ ದೊಡ್ಡ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುವ ಮನುಷ್ಯ ಅಂಗಿಯ ಗುಂಡಿ ಹಿಡಿದುಕೊಂಡು ನಿಂತರು. ಆಮೇಲೆ ಅವರಿಗೂ ಸಿಟ್ಟು ಬಂತು. ಉತ್ತರ ಇಲ್ಲದವರಿಗೆ ಬರುವ ಸಿಟ್ಟು ಅದು.

"ನಿಮಗ ಬ್ಯಾಡಾದ್ರ ಬಿಡ್ರಿ. ದೇವಿಂದ್ರಪ್ಪ, ಹೆಂಗೂ ಕೂತೀರಿ, ಗುಂಡಿ ಒತ್ತರಿ. ಚೀಟಿ ಬರ್ಲಿ."

ದೇವಿಂದ್ರಪ್ಪ ಎದ್ದು ನಿಂತ. ಕುರ್ಚಿಯನ್ನು ಹಿಂದೆ ಸರಿಸಿದ.

"ನಾ ಒತ್ತಂಗಿಲ್ರಿ" ಎಂದ.

"ಏನಂದ್ರಿ?"

"ನನ್ನ ಕೈಯಿಂದ ಗಲತ್ ಆಗ್ಯಾದ ಸಾಹೇಬ್ರ. ಯಾರ ಕೈಯಿಂದ ಗಲತ್ ಆಗ್ಯಾದ ಅವರ ಹೆಸರೇ ಕಚೇರಿ ಕಡತದಾಗ, ಮಿಸಲ್‌ನ್ಯಾಗ ಬರಬೇಕು. ಬ್ಯಾರೆಯವರ ಹೆಸರು ಬರದು ಬಸ್ತಾ ಕಟ್ಟೋದು ನಾ ಕಲಿತಿಲ್ಲ."

ಅವನು ಸಾಹೇಬರನ್ನು ದಾಟಿಕೊಂಡು ಹೊರಗೆ ಹೋದ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಮೈಕು ಕಿರ್ರೆಂದಿತು. "ದಫ್ತರದ ದೇವಿಂದ್ರಪ್ಪ ಮಾತಾಡಾಕತ್ತೀನಿ. ಚೀಟಿ ನಿಂತಿದ್ದು ನನ್ನ ಕೈಯಿಂದ. ತಿಳಿಯದೇ ಮಷೀನಿನ ಕಸಕ್ಕ ಕೀಲಿ ಹಾಕಿದ್ದೆ. ಬಸವಕಲ್ಯಾಣದ ಜಿಜಾಬಾಯಿ, ಏಕನಾಥನ ಮಗಳು, ಬೇಕಸೂರ್ ಇದ್ದಾರ. ಅವರದು ಏನೂ ತಪ್ಪಿಲ್ಲ. ಅವರೇ ಹುಡುಕಿ ತೆಗೆದಾರ." ಅಷ್ಟು ಹೇಳಿ ಮೈಕು ಇಟ್ಟು, ಯಾರ ಮುಖವನ್ನೂ ನೋಡದೆ ತನ್ನ ರೆಕಾರ್ಡು ಕೋಣೆಗೆ ನಡೆದ.

ಆಗ ಜಿಜಾಬಾಯಿ ಹೊಸ್ತಿಲು ದಾಟಿದಳು. ಕುರ್ಚಿ ಎಳೆದು ಕೂತಳು. ಒಬ್ಬ ಮುದುಕ ಹೋಗಿ ಹೇಳದಿದ್ದರೆ ಆ ಸುಳ್ಳು ಅಂಗಳದಲ್ಲಿ ಹಾಗೆಯೇ ಇರುತ್ತಿತ್ತು, ಸಾಹೇಬರು ನಗುತ್ತ ಊಟಕ್ಕೆ ಹೋಗುತ್ತಿದ್ದರು. ಇದನ್ನು ನೆನೆದಷ್ಟೂ ಅವಳ ಮೈ ಉರಿಯುತ್ತಿತ್ತು.

ಹೊಸ ನಿಯಮದ ಚೀಟಿಗಳು ಬರತೊಡಗಿದವು. ಸರದಿಯಲ್ಲಿ ಧೂಳಮ್ಮ ಕಿಟಕಿಗೆ ಬಂದಳು. ಚೀಟಿಗೆ ಕೈ ಚಾಚಲು ಅವಳಿಗೆ ಮುಖವಿರಲಿಲ್ಲ. ಸೆರಗಿನ ತುದಿ ಹಿಡಿದು ನಿಂತಳು.

ಜಿಜಾಬಾಯಿಗೆ ತಡೆಯಲಾಗಲಿಲ್ಲ. "ಎಲ್ಲಾರೂ ಅಂದ್ರು, ಅನ್ಲಿ. ನೀ ಹ್ಯಾಂಗ ಅಂದಿ ಧೂಳಮ್ಮಕ್ಕಾ? ನಿನಗೂ ಗಂಡ ಇಲ್ಲ. ನಿನ್ನ ಹೊಲ ನೀನೇ ಮಾಡ್ತಿ. ನಿನ್ನ ಬಾಯಾಗ ಆ ಮಾತು ಹ್ಯಾಂಗ ಬಂತು?"

ಧೂಳಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಬಿತ್ತಿಗಿ ದಿನ ನನ್ನ ಹೊಲದಾಗ ನನಗೇ ಬೀಜ ಮುಟ್ಟಗೊಡಂಗಿಲ್ಲ ತಂಗಿ" ಎಂದಳು. "ಬದುವಿನ ಮ್ಯಾಲ ನಿಂದರಸ್ತಾರ. ನಿನ್ನ ಕೈಗುಣ ಛಲೋ ಇಲ್ಲ ಅಂತಾರ. ಗಂಡ ಹೋದಾಗಿನಿಂದ ಮಂದಿ ಅದನ್ನೇ ಅನಕೋತ ಬಂದಾರ. ನಾ ಅದು ಖರೇ ಅಂತೇ ತಿಳಕೊಂಡಿದ್ದೆ."

ಜಿಜಾಬಾಯಿ ಚೀಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲಿಲ್ಲ. ಎದ್ದು ನಿಂತು, ಕಿಟಕಿಯ ಸರಳಿನ ನಡುವೆ ಕೈ ಹೊರಗೆ ಚಾಚಿ, ಧೂಳಮ್ಮನ ಅಂಗೈ ಬಿಡಿಸಿ ಅದರಲ್ಲಿ ಇಟ್ಟಳು. ಅವಳ ಸಿಟ್ಟು ಇನ್ನೂ ಹೋಗಿರಲಿಲ್ಲ. ಆ ಸಿಟ್ಟು ಹೋಗಬಾರದು ಎಂದೇ ಅವಳಿಗೆ ಆ ಹೊತ್ತು ಅನ್ನಿಸಿತು.

"ಖರೇ ಅಲ್ಲ" ಎಂದಳು.